ಮತವಿಲ್ಲದ ಮೆಲಿತೋನ್

ಮೆಲಿತೋನ್ ಲಾರುತಾ ಎಂಬ ಹೆಸರೆತ್ತಿದರೆ ನಮ್ಮ ಬೀದಿಯವರು ಮೊದಲು ನಗುತ್ತಾರೆ, ಆಮೇಲೆ ಪಕ್ಕದಲ್ಲಿ ನಾನಿರುವುದನ್ನು ನೋಡಿ ನಗುವನ್ನು ನುಂಗುತ್ತಾರೆ. ನುಂಗಲಿ, ಗಂಟಲಲ್ಲಿ ಸಿಕ್ಕಿಕೊಳ್ಳಲಿ! ನಗುವುದಾದರೆ ನಾನು ನಗಬೇಕು. ಅವನಿಗೆ ಹಿತ್ತಲ ಕೋಣೆ ಬಾಡಿಗೆಗೆ ಕೊಟ್ಟವಳು ನಾನು, ಅವನ ಮಾತು ಕೇಳಿ ಕೇಳಿ ಕಿವಿ ತೂತಾದವಳು ನಾನು. ಬೇರೆಯವರಿಗೆ ಆ ಹಕ್ಕಿಲ್ಲ.

ನಾನು ಅಸುಂತಾ ತಾರ್ಕಿ. ಎಲ್ ಆಲ್ತೋ ಎಂಬ ನಮ್ಮ ಗುಡ್ಡದೂರಿನಲ್ಲಿ, ಹಳೇ ಸಾಮಾನಿನ ಸಂತೆ ಮುಗಿದು ಇಳಿಜಾರು ಶುರುವಾಗುವಲ್ಲಿ ನನ್ನದೊಂದು ಆಟದಂಗಡಿಯಿದೆ. ಗಂಡ ಸಾಯುವಾಗ ಆರು ಗೇಮ್ ಕನ್ಸೋಲು, ಎರಡು ಕಂಪ್ಯೂಟರು, ಗಾಳಿ ಬಂದರೆ ಡೋಲು ಬಾರಿಸುವ ತಗಡಿನ ಮಾಡು ಇಷ್ಟನ್ನು ಬಿಟ್ಟುಹೋದ. ಶಾಲೆ ಬಿಟ್ಟ ಮಕ್ಕಳು, ಕೆಲಸ ಬಿಟ್ಟ ದೊಡ್ಡವರು, ಇಬ್ಬರೂ ಬಂದು ಗಂಟೆ ಲೆಕ್ಕದಲ್ಲಿ ಫುಟ್ಬಾಲ್ ಆಡುತ್ತಾರೆ. ಅದರಲ್ಲೇ ನನ್ನ ಒಲೆ ಉರಿಯಬೇಕು.

ಮೆಲಿತೋನ್ ಕೋಣೆ ಕೇಳಿಕೊಂಡು ಬಂದ ದಿನ ಆ ಆರೂ ಕನ್ಸೋಲುಗಳು ಟಾರ್ಪಾಲಿನ ಕೆಳಗೆ ಸೌದೆಯ ಹಾಗೆ ಬಿದ್ದಿದ್ದವು. ಅವನ್ನು ಮಾಡಿದ ಕಂಪನಿಯವರು ಎಲ್ಲೋ ಕುಳಿತು, ಇವು ಹಳೆಯವಾದವು, ಇನ್ನು ಇವುಗಳ ಗೊಡವೆ ನಮಗಿಲ್ಲ ಎಂದು ಕೈ ತೊಳೆದುಕೊಂಡಿದ್ದರು. ಹೊಸ ಆಟ ಇಲ್ಲ, ಅಪ್‌ಡೇಟ್ ಇಲ್ಲ, ಹಚ್ಚಿದರೆ ಪರದೆಯ ಮೇಲೊಂದು ಕ್ಷಮಾಪಣೆ ಮಾತ್ರ. ಬಂದ ಮನುಷ್ಯ ಕೋಣೆ ಕಡೆ ತಿರುಗಿಯೂ ನೋಡಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಟಾರ್ಪಾಲು ಎತ್ತಿ, ಯಜಮಾನಿಗೆ ಸಲ್ಲುವ ಮರ್ಯಾದೆಯಲ್ಲಿ ಕರೆದ.

"ದೊನ್ಯಾ, ಇವು ಸತ್ತಿಲ್ಲ. ಯಜಮಾನ ಬಿಟ್ಟೋಗಿದಾನೆ, ಅಷ್ಟೆ."

"ನಂದೂ ಅದೇ ಕತೆ ಕಣಯ್ಯಾ," ಎಂದೆ.

ಅವನು ನಗಲಿಲ್ಲ. ಕಂಪ್ಯೂಟರಿನ ವಿಷಯ ಬಂದರೆ ಅವನಿಗೆ ಹಾಸ್ಯ ಹತ್ತುವುದಿಲ್ಲ. ಕೊರಳಿಗೆ ಕೈ ಹಾಕಿ, ಶಿಲುಬೆಯ ಪಕ್ಕದಲ್ಲೇ ದಾರಕ್ಕೆ ಕಟ್ಟಿಕೊಂಡಿದ್ದ ಪೆನ್‌ಡ್ರೈವ್ ಒಂದನ್ನು ಹೊರಗೆಳೆದ. ಅದರಲ್ಲಿ ಇದ್ದದ್ದು ಮುಕ್ತ ತಂತ್ರಾಂಶ. ಲೋಕದ ಮೂಲೆ ಮೂಲೆಯಲ್ಲಿ ಕೂತವರು ತಮ್ಮ ಖುಷಿಗೆ ಬರೆದು, ಯಾರು ಬೇಕಾದರೂ ಹಾಕಿಕೊಳ್ಳಿ, ಯಾರು ಬೇಕಾದರೂ ತಿದ್ದಿಕೊಳ್ಳಿ ಎಂದು ಬಿಟ್ಟದ್ದಂತೆ. ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನ ಹಾಗೆ ಹತ್ತಿಕೊಂಡು ಹೋದವು. ಸಂಜೆಯೊಳಗೆ ಆರೂ ಕನ್ಸೋಲುಗಳಲ್ಲಿ ಹಸಿರು ಮೈದಾನ ಕಂಡಿತು, ಚೆಂಡು ಉರುಳಿತು. ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ?

ಅಳುತ್ತಲೇ ಬಿಯರ್ ಬಾಟಲಿ ತಂದೆ. ಮನೆಗೆ ಹೊಸದು ಬಂದರೆ ಭೂತಾಯಿ ಪಚಮಾಮಾಗೆ ಎರಡು ಹನಿ ಚಿಮುಕಿಸದೆ ಇರುವುದುಂಟೆ? ಅಂಗಡಿಯ ನಾಲ್ಕು ಮೂಲೆಗೆ ಚಿಮುಕಿಸಿದೆ, ಬಣ್ಣದ ಕಾಗದದ ಸುರುಳಿ ತೂಗಿಬಿಟ್ಟೆ, ಕೊನೆಗೆ ಸಂತೋಷ ತಡೆಯಲಾರದೆ ಆರನೇ ಕನ್ಸೋಲಿನ ನೆತ್ತಿಗೂ ಧಾರಾಳವಾಗಿ ಅಭಿಷೇಕ ಮಾಡಿದೆ. ಮೆಲಿತೋನ್ ಕಿಟಾರನೆ ಕಿರುಚಿ ಉಳಿದವುಗಳ ಮೇಲೆ ಬೋರಲು ಬಿದ್ದುಕೊಂಡ. ಅಂದಿನಿಂದ ನನ್ನ ಅಂಗಡಿಯಲ್ಲಿರುವುದು ಐದು ಕನ್ಸೋಲು. ಆರನೆಯದು ನನ್ನ ಭಕ್ತಿಗೆ ಬಲಿಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೆಲಿತೋನನಿಗೆ ಒಂದು ಅಂಗಡಿ ಸಾಲದು. ನಮ್ಮ ಗುಡ್ಡದ ಮೇಲೆ ಇಂಥವು ಹತ್ತು ಇವೆ. ಅವನು ಹತ್ತಕ್ಕೂ ಹೋದ, ಪೆನ್‌ಡ್ರೈವ್ ತೋರಿಸಿದ, ಇನ್‌ಸ್ಟಾಲ್ ಮಾಡಿದ, ಒಂದು ಬಟ್ಟಲು ಸಾರು ಕುಡಿದು ಎದ್ದು ಬಂದ. ಮಾಡಿನಿಂದ ಮಾಡಿಗೆ ತಂತಿ ಎಳೆದು ಹತ್ತೂ ಅಂಗಡಿಗಳನ್ನು ಜೋಡಿಸಿದ. ಮೇಲಿನ ಬೀದಿಯವರು ತಮ್ಮ ಅಂಗಡಿಯಲ್ಲೇ ಕೂತು ಕೆಳಗಿನ ಬೀದಿಯವರ ಮೇಲೆ ಗೋಲು ಹೊಡೆಯಬಹುದಾಯಿತು. ಪ್ರತಿ ಭಾನುವಾರ ಅಂಗಡಿ ಅಂಗಡಿಗೂ ಪಂದ್ಯ, ಜನವೋ ಜನ. ಈ ಸಂಭ್ರಮದಲ್ಲಿ ಅವನು ಬಾಯಿ ಬಿಟ್ಟು ಒಂದು ಮಾತು ಹೇಳಿಬಿಟ್ಟ.

"ಇದಕ್ಕೆ ಒಡೆಯ ಅಂತ ಯಾರೂ ಇಲ್ಲ, ಅಣ್ಣಂದಿರಾ. ಇದು ಎಲ್ಲಾರ್ದು."

ಅಯ್ಯೋ, ಈ ಮಾತನ್ನು ಬೇರೆ ಎಲ್ಲಿಯಾದರೂ ಆಡಬಹುದಿತ್ತು! ಎಲ್ ಆಲ್ತೋದಲ್ಲಿ 'ಎಲ್ಲರದು' ಎಂದರೆ ಸಂಘ ಆಯಿತು, ಸಂಘ ಎಂದರೆ ಸಭೆ ಆಯಿತು, ಸಭೆ ಎಂದರೆ ಮುಗಿಯಿತು ಕತೆ. ದೊನ್ ಅನಾಕ್ಲೇತೊ ಕೀಸ್ಬೆರ್ತ್ ಎಂಬ ಮುದುಕ ತಟ್ಟನೆ ಎದ್ದು ನಿಂತ. ಗಣಿಯಲ್ಲಿ ಯೂನಿಯನ್ ನಡೆಸಿದವನು, ಈಗ ಮೇಲಿನ ಬೀದಿಯಲ್ಲಿ ನಾಲ್ಕು ಕಂಪ್ಯೂಟರಿಟ್ಟುಕೊಂಡವನು. ಸಭೆಯಿಲ್ಲದ ವಾರ ಅವನಿಗೆ ಉಂಡದ್ದು ಅರಗುವುದಿಲ್ಲ.

"ಎಲ್ಲಾರ್ದೂ ಅಂದ್ಮೇಲೆ ಬೀದಿ ನಲ್ಲಿ ಹಂಗೇ ಇದೂನೂ," ಎಂದ. "ಒಬ್ಬ ಬಂದು ತನಗೆ ತೋಚಿದಂಗೆ ತಿರುಪೋ ಹಾಗಿಲ್ಲ. ಸಭೆ ಒಪ್ಪಬೇಕು."

ಮೆಲಿತೋನ್ ತಲೆಯಾಡಿಸಿದ. ಅದರಲ್ಲಿ ನ್ಯಾಯವೂ ಇತ್ತು. ಒಂದು ಅಂಗಡಿ ಹೊಸ ಅಪ್‌ಡೇಟ್ ಹಾಕಿಕೊಂಡು ಇನ್ನೊಂದು ಹಳೆಯದರಲ್ಲೇ ಉಳಿದರೆ ಎರಡಕ್ಕೂ ಪಂದ್ಯ ಆಡಲಾಗುವುದಿಲ್ಲ. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲವಂತೆ. ಹಾಗಾಗಿ ಹಾಕಿದರೆ ಹತ್ತೂ ಅಂಗಡಿ ಒಟ್ಟಿಗೆ ಹಾಕಬೇಕು. ಸಂಘ ಹುಟ್ಟಿತು, ಅಂಚಿಗೆ ಬಂಗಾರದ ಕುಚ್ಚಿನ ಬಾವುಟ ಬಂತು, ಅನಾಕ್ಲೇತೊ ಅಧ್ಯಕ್ಷನಾದ. ಅಂಗಡಿಗೊಂದು ಮತ ಎಂದಾಯಿತು.

ಮೆಲಿತೋನನಿಗೆ ಎಷ್ಟು ಮತ? ಸೊನ್ನೆ. ಅಂಗಡಿಯಿಲ್ಲ, ಮನೆಯಿಲ್ಲ, ಬಾಡಿಗೆಯವನು. ಅದಕ್ಕಿಂತ ದೊಡ್ಡ ಕೊರತೆ, ತಲೆ ನರೆಯುತ್ತ ಬಂದರೂ ಮದುವೆಯಿಲ್ಲ. ನಮ್ಮ ಐಮಾರಾ ಮಾತಿನಲ್ಲಿ ಮದುವೆಯಾಗುವುದಕ್ಕೆ 'ಮನುಷ್ಯನಾಗುವುದು' ಎಂದೇ ಹೆಸರು. ಮದುವೆಯಾಗದವನು ಎಷ್ಟು ಓದಿದರೂ, ಎಷ್ಟು ತಂತಿ ಎಳೆದರೂ ಇನ್ನೂ ಬೆಂದಿಲ್ಲ, ಹಸಿ. ಹಸಿ ಮನುಷ್ಯ ಸಭೆಯಲ್ಲಿ ಕೈ ಎತ್ತುವಂತಿಲ್ಲ. ಅವನಿಗೆ ಬಾಗಿಲ ಬಳಿ, ಗಾಳಿ ನೇರ ಬೆನ್ನಿಗೆ ಬಡಿಯುವಲ್ಲಿ, ಒಂದು ಸ್ಟೂಲು ಕೊಟ್ಟರು. ಅಧ್ಯಕ್ಷ ಕೇಳಿದಾಗ ಎದ್ದು ನಿಂತು ವಿವರಿಸಬೇಕು, ಮುಗಿದ ಮೇಲೆ ಕೂರಬೇಕು.

ಅವನ ವಿವರಣೆಗಳೋ! ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಅದೇ. ಪ್ರತಿ ಅಪ್‌ಡೇಟಿನಲ್ಲಿ ಏನೇನು ಬದಲಾಗಿದೆ ಎಂದು ಒಂದೊಂದಾಗಿ ಹೇಳುತ್ತಿದ್ದ, ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಯಾರೋ ಕೋಕಾ ಎಲೆ ಜಗಿಯುತ್ತ ಆಕಳಿಸುತ್ತಿದ್ದರು, ಯಾರೋ ಉಣ್ಣೆ ನೂಲುತ್ತಿದ್ದರು. ದೊನ್ಯಾ ಪ್ರಿಮಿತೀವಾ ಮಾತ್ರ ಅವನ ಒಂದೊಂದು ಮಾತಿಗೂ ಅಡ್ಡ ಕಾಲು ಹಾಕುತ್ತಿದ್ದಳು. ಅವಳದು ಚರ್ಚಿನ ಹಿಂದಿನ ಅಂಗಡಿ. ಒಂದು ಸಲ 'ಆಟ ಶುರು' ಬಟನ್ನು ಎಡಗಡೆಯಿಂದ ಬಲಗಡೆಗೆ ಹೋಯಿತು. ಅವಳು ಟೋಪಿ ಸರಿಮಾಡಿಕೊಂಡು ಎದ್ದಳು.

"ಯಾರನ್ನ ಕೇಳಿ ಬಲಕ್ಕೆ ಹೋಯ್ತು ಅದು? ನಮ್ಮ ಹತ್ರ ಬಂದು ಒಂದ್ಮಾತು ಹೇಳಿದ್ರಾ? ನಾವೇನು ಮನುಷ್ಯರಲ್ವಾ?"

"ಅಲ್ಲ ಅಕ್ಕಾ, ಅದು ಬರೆದೋರು ದೂರದ ದೇಶದಲ್ಲಿ..."

"ಮೇಲೆ ಕೂತೋರು ಯಾವತ್ತೂ ದೂರದಲ್ಲೇ ಇರ್ತಾರೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಬಟನ್ನಿನ ವಿರುದ್ಧ ರಸ್ತೆ ತಡೆ. ಹೌದು, ಟೈರು ಸುಟ್ಟು, ಕಲ್ಲು ಪೇರಿಸಿ. ಮಿನಿಬಸ್ಸಿನ ಡ್ರೈವರುಗಳು ಇಳಿದು ಬಂದು ಯಾವುದರ ವಿರುದ್ಧ ಎಂದು ಕೇಳಿದರು, ವಿಷಯ ತಿಳಿದ ಮೇಲೆ ತಾವೂ ಎರಡು ಕಲ್ಲಿಟ್ಟು ಬೆಂಬಲ ಸೂಚಿಸಿದರು. ಬಟನ್ನು ಬರೆದವರು ಆ ರಸ್ತೆಯಲ್ಲಿ ಯಾವತ್ತೂ ಓಡಾಡುವವರಲ್ಲ ಎಂದು ಮೆಲಿತೋನ್ ಗೋಗರೆದ. ಯಾರು ಕೇಳುತ್ತಾರೆ? ಕಲ್ಲು ಪೇರಿಸುವುದರಲ್ಲಿ ನಾನೂ ಇದ್ದೆ, ಬೆಳಗಿನ ಬಿಸಿಲಿಗೆ ಹಿತವಾಗಿತ್ತು.

ಕೊನೆಗೆ ಸಂಘದ ಪರವಾಗಿ ಮೆಲಿತೋನನೇ ಅವರಿಗೆ ಬರೆದು ಹಾಕಿದ. ಯಾವುದೋ ಚಳಿದೇಶದ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಳು. ನೀವು ಹೇಳುವುದು ಸರಿ, ನೀವೇ ತಿದ್ದಿ ಕಳಿಸಿ, ಈ ಕೆಲಸಕ್ಕೆ ಎಲ್ಲರೂ ಬರಬಹುದು. ಅನಾಕ್ಲೇತೊ ಅದನ್ನು ಸಭೆಗೆ ಓದಿ ಹೇಳಿ ಕನ್ನಡಕ ತೆಗೆದ.

"ಕೇಳಿಸ್ಕೊಂಡ್ರಾ? ಊರೊಟ್ಟಿನ ಕೆಲಸಕ್ಕೆ ಕರೆ ಬಂದಿದೆ. ಮನೆಗೊಬ್ರು ಬರ್ಬೇಕು, ಬರದಿದ್ದೋರಿಗೆ ದಂಡ."

ಭಾನುವಾರ ಬೆಳಿಗ್ಗೆ ಮನೆಗೊಬ್ಬರು ಬಂದರು, ಊರೊಟ್ಟಿನ ಕೆಲಸಕ್ಕೆ ಹೇಗೆ ಬರುತ್ತಾರೋ ಹಾಗೆ. ಸಲಿಕೆ, ಗುದ್ದಲಿ, ಒಬ್ಬರಂತೂ ಸಿಮೆಂಟು ಕಲಸುವ ಬಾಣಲಿ. ಹಂಡೆ ತುಂಬ ಸಾರು. ಎಲ್ಲರೂ ಸಲಿಕೆ ಊರಿಕೊಂಡು ಮೆಲಿತೋನನ ಹಿಂದೆ ನಿಂತರು. ಅವನು ಕಂಪ್ಯೂಟರಿನ ಮುಂದೆ ಕೂತು ಬಟನ್ನನ್ನು ಎಡಕ್ಕೆ ತಂದ. ಒಂದು ಕೀಲಿ ಒತ್ತಿದರೆ ಹಿಂದಿನಿಂದ "ಶಭಾಷ್" ಎನ್ನುವರು. ತಿದ್ದಿದ್ದನ್ನು ಕಳಿಸಿದ, ಅವರು ಒಪ್ಪಿಕೊಂಡರು. ಮಾಡಿದವರು ಯಾರು ಎಂದು ಬರೆಯುವಲ್ಲಿ ತನ್ನ ಹೆಸರು ಹಾಕದೆ ನಮ್ಮ ಸಂಘದ ಹೆಸರು ಹಾಕಿದ, ಪೆದ್ದ. ಈಗ ಲೋಕದಲ್ಲಿ ಯಾರೇ ಆ ಆಟ ಹಾಕಿಕೊಂಡರೂ ಬಟನ್ನು ಎಡಗಡೆಗೇ ಇರುತ್ತದೆ. ಪ್ರಿಮಿತೀವಾ ಇವತ್ತಿಗೂ ಅದು ತನ್ನ ಗೆಲುವು ಎಂದು ಹೇಳಿಕೊಂಡು ತಿರುಗುತ್ತಾಳೆ.

ಮೆಲಿತೋನ್ ಹುಟ್ಟಿದ್ದೇ ಅಪ್‌ಡೇಟ್ ಮಾಡುವುದಕ್ಕೆ. ಬೇರೆ ಗಂಡಸರು ಫುಟ್ಬಾಲ್ ನೋಡುವ ಹಾಗೆ ಅವನು ಪರದೆಯ ಮೇಲೆ ತುಂಬುತ್ತ ಹೋಗುವ ನೀಲಿ ಗೆರೆಯನ್ನು ನೋಡುತ್ತಿದ್ದ. ಮುಂದಿಟ್ಟ ಸಾರು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿದರೂ ಪರಿವೆಯಿಲ್ಲ. ಸಂತೆಯಲ್ಲಿ ಕದ್ದು ನಕಲು ಮಾಡಿದ ಡಿಸ್ಕುಗಳನ್ನು ಕಂಡರೆ ಮಡಿ ಹೆಂಗಸಿನ ಹಾಗೆ ದೂರ ಸರಿಯುತ್ತಿದ್ದ. ನನ್ನ ಮೊಬೈಲನ್ನು ನನ್ನ ಕಣ್ತಪ್ಪಿಸಿ ಅಪ್‌ಡೇಟ್ ಮಾಡಿ ಬೈಸಿಕೊಂಡಿದ್ದಾನೆ. ಸಾಧ್ಯವಿದ್ದರೆ ನನ್ನ ಸಾರಿನ ಪಾತ್ರೆಗೂ ಪೆನ್‌ಡ್ರೈವ್ ಚುಚ್ಚುತ್ತಿದ್ದ.

ಅಂಥವನಿಗೆ ಒಂದೇ ಒಂದು ಆಸೆಯಿತ್ತು. ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತು ನೆನೆಸಿದ ಚುನ್ಯೋ ಎಂಬ ಒಣ ಆಲೂಗೆಡ್ಡೆಗಳ ಕಪ್ಪು ಸಿಪ್ಪೆ ಸುಲಿದುಕೊಡುತ್ತ ತಲೆಯೆತ್ತದೆ ಹೇಳಿದ.

"ಒಂದ್ಸಲ ಕೈ ಎತ್ಬೇಕು ದೊನ್ಯಾ."

"ಯಾರ ಮೇಲೆ?"

"ಸಭೇಲಿ. ನಾನು ವಿವರ್ಸಿದ್ದಕ್ಕೆ ನಾನೇ ಕೈ ಎತ್ತಬೇಕು. ಹತ್ತು ಜನ ನನ್ನ ಕೈ ಲೆಕ್ಕ ಹಾಕ್ಬೇಕು. ಸಾಯೋದ್ರೊಳಗೆ ಒಂದ್ಸಲ."

ನಾನು "ಸಿಪ್ಪೆ ದಪ್ಪ ಸುಲೀಬೇಡ" ಎಂದೆ. ಆದರೆ ಆ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಅವನನ್ನು ಕಂಡರೆ ನನಗೆ ಇಷ್ಟವಿತ್ತು. ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ನಾಚಿಕೆ ಪಟ್ಟರೆ ಯಾರಿಗೆ ಲಾಭ? ಲೋಕವೆಲ್ಲ ಆಕಳಿಸುವಾಗ ಒಬ್ಬ ಮನುಷ್ಯ ಕಣ್ಣು ಹೊಳೆಸುತ್ತ ನಿಲ್ಲುತ್ತಾನಲ್ಲ, ಅದು ಇಷ್ಟ.

ಇಷ್ಟವಿದ್ದೂ ಅವನ ಕೊನೆಯ ಅಪ್‌ಡೇಟಿಗೆ ನಾನು ವಿರುದ್ಧ ಕೈ ಎತ್ತಿದೆ. ಅದು ಆದದ್ದು ಹೀಗೆ. ಕನ್ಸೋಲುಗಳಿಗೆ ಒಂದು ರೋಗ ಬಂದಿತ್ತು, ಪಂದ್ಯದ ನಡುವೆ ಪರದೆ ಕಲ್ಲಾಗಿ ನಿಂತುಬಿಡುತ್ತಿತ್ತು. ಭಾನುವಾರದ ಪಂದ್ಯದಲ್ಲಿ ಪ್ರಿಮಿತೀವಾಳ ಅಂಗಡಿಯವರು ಪೆನಾಲ್ಟಿ ಒದೆಯುವ ಹೊತ್ತಿಗೆ ಚೆಂಡು ಗಾಳಿಯಲ್ಲೇ ನಿಂತಿತು. ಗೋಲು ಎಂದು ಅವರು, ಅಲ್ಲ ಎಂದು ನಮ್ಮವರು. ಟೋಪಿಗಳು ಹಾರಿದವು, ಜಡೆಗಳು ಕೈಗೆ ಸಿಕ್ಕವು. ಸೇರುವ ಜನ ವಾರದಿಂದ ವಾರಕ್ಕೆ ಕಡಿಮೆಯಾಯಿತು. ಹೊಸ ಅಪ್‌ಡೇಟ್ ಈ ರೋಗಕ್ಕೇ ಮದ್ದು ಎಂದು ಮೆಲಿತೋನ್ ಹೇಳಿದ. ಜೊತೆಗೆ ಅದು ಮುಖಪುಟವನ್ನೂ ಪೂರಾ ಬದಲಿಸಿಬಿಡುತ್ತದೆ, ಬಾಯಿ ಮುಚ್ಚಿಕೊಂಡಿರಲಾರದೆ ಅದನ್ನೂ ಹೇಳಿದ.

ಮುಖಪುಟ ಬದಲಾದರೆ ಬರುವ ಮಕ್ಕಳಿಗೆಲ್ಲ ನಾನು ಮತ್ತೆ ಮೊದಲಿನಿಂದ ತೋರಿಸಿಕೊಡಬೇಕು. ಅವರಿಗೆ ತೋರಿಸುವ ಮೊದಲು ನಾನು ಕಲಿಯಬೇಕು. ಹಿಂದಿನ ಅಪ್‌ಡೇಟಿನಲ್ಲಿ ಹೀಗೇ ಆಗಿ ಮಕ್ಕಳ ಮುಂದೆ ಬೆಪ್ಪಾಗಿದ್ದೆ. ಬೇಡ ಎಂದು ಕೈ ಎತ್ತಿದೆ. ಎಣಿಸಿದರು. ಬೇಕು ಎನ್ನುವವರು ಐದು, ಬೇಡ ಎನ್ನುವವರು ಐದು. ಅನಾಕ್ಲೇತೊ ಬೇಕು ಎನ್ನುವ ಕಡೆ, ಪ್ರಿಮಿತೀವಾ ಬೇಡ ಎನ್ನುವ ಕಡೆ. ಮತ್ತೆ ಸಭೆ, ಮತ್ತೆ ಐದು-ಐದು. ಅನಾಕ್ಲೇತೊ ಹೊರಗೆ ಹೋಗಿ ಗಾಳಿ ಕುಡಿದು ಬನ್ನಿ ಎಂದ. ಕುಡಿದು ಬಂದೆವು, ಐದು-ಐದು.

"ಈ ಮೆಲಿತೋನನ ಕೈ ಒಂದಿದ್ದಿದ್ರೆ!" ಎಂದು ಯಾರೋ ಅಂದರು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವನು ಸ್ಟೂಲಿನ ಮೇಲೆ ಚಳಿಗೆ ಮುದುಡಿಕೊಂಡು ಕೂತಿದ್ದ. ಅನಾಕ್ಲೇತೊ ಗಡ್ಡ ಕೆರೆದುಕೊಂಡ.

"ನಿಯಮ ನಿಯಮಾನೇ. ಅಂಗಡಿ ಬೇಕು, ಮದುವೆ ಆಗಿರ್ಬೇಕು. ಅಲ್ಲಯ್ಯಾ ಮೆಲಿತೋನ್, ಮದುವೆ ಆಗ್ಬಾರ್ದಾ? ಹುಚ್ಚು ಬಿಡೋವರ್ಗೂ ಮದುವೆ ಆಗಲ್ಲ, ಮದುವೆ ಆಗೋವರ್ಗೂ ಹುಚ್ಚು ಬಿಡಲ್ಲ ಅಂತ ಕೂತಿದೀಯಾ?"

"ಯಾರನ್ನ ಆಗ್ಲಿ, ದೊನ್ ಅನಾಕ್ಲೇತೊ?"

ಈಗ ಎಲ್ಲರ ಕಣ್ಣು ನನ್ನ ಕಡೆ. ಅಂಗಡಿಯಿರುವ ವಿಧವೆ ಹತ್ತು ಅಂಗಡಿಗೆ ನಾನೊಬ್ಬಳೇ.

"ಏನ್ ನೋಡ್ತಿದೀರಾ? ನನ್ನ ಮುಖದಲ್ಲಿ ಕೋತಿ ಕುಣೀತಿದೆಯಾ?" ಎಂದೆ.

"ಕಂಕುಳಲ್ಲೇ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದಂಗಾಯ್ತು," ಎಂದು ಅನಾಕ್ಲೇತೊ ತೊಡೆ ತಟ್ಟಿಕೊಂಡ.

"ಏ ಮುದುಕಾ, ಗಂಡ ಹೆಂಡ್ತಿ ಸೇರಿ ಒಂದೇ ಮತ ಅಲ್ವಾ? ಇವನಿಗೆ ಬಂದ್ರೆ ನಂದು ಹೋಗುತ್ತೆ."

"ಹೋಗಲ್ಲ ತಂಗೀ, ಮನೆಗೊಂದು ಕೈ. ಯಾರ ಕೈ ಅಂತ ಮನೇಲಿ ಮಾತಾಡ್ಕೊಳಿ."

ಪ್ರಿಮಿತೀವಾ ಕೂತಲ್ಲಿಂದಲೇ ಲೆಕ್ಕ ಹಾಕಿ ಮುಗಿಸಿದ್ದಳು. ಅವಳ ಐದು ನಾಲ್ಕಾಗುತ್ತದೆ. "ಮತಕ್ಕೋಸ್ಕರ ಮದುವೆ ಆಗೋರ್ನ ನಾನೆಲ್ಲೂ ಕಂಡಿಲ್ಲಮ್ಮಾ," ಎಂದು ಕೊಂಕು ತೆಗೆದಳು.

"ಹೊಟ್ಟೆಗೋಸ್ಕರ ಆದೋರ್ನ ನಾನು ಕಂಡಿದೀನಿ, ನಿನ್ನ ಮದುವೇಲಿ," ಎಂದೆ.

ಮನೆಗೆ ಬಂದೆ. ಯೋಚಿಸಿದೆ. ಇಷ್ಟು ಕಷ್ಟ ಯಾಕೆ, ಮುಂದಿನ ಸಭೆಯಲ್ಲಿ ನೀನೇ 'ಬೇಕು' ಎಂದು ಕೈ ಎತ್ತಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನನ್ನ ಅಕ್ಕನೂ ಇದನ್ನೇ ಕೇಳಿದಳು. ನನ್ನನ್ನು ನೀವು ತಿಳಿದಿಲ್ಲ. ಪ್ರಿಮಿತೀವಾಳ ಎದುರು ಒಮ್ಮೆ ಬೇಡ ಎಂದು ಎತ್ತಿದ ಕೈಯನ್ನು ತಿರುಗಿಸುವುದು ನನ್ನ ಜಾಯಮಾನದಲ್ಲಿಲ್ಲ. ಅದಕ್ಕಿಂತ ಮದುವೆಯಾಗುವುದು ಸುಲಭ.

ಹಿತ್ತಲ ಕೋಣೆಯ ಬಾಗಿಲು ತಟ್ಟಿದೆ. ಅವನು ನನ್ನ ಭಕ್ತಿಗೆ ಬಲಿಯಾಗಿದ್ದ ಆರನೇ ಕನ್ಸೋಲನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದ.

"ಮೆಲಿತೋನ್, ನನ್ನ ಮದುವೆ ಆಗ್ತೀಯಾ?"

ಬ್ರಷ್ಷು ನಿಂತಿತು. "ಮತಕ್ಕಾ, ದೊನ್ಯಾ?"

"ಮತಕ್ಕೂ ಹೌದು. ನೀನು ಸಾರು ತಣ್ಣಗೆ ಮಾಡ್ಕೊಂಡು ಒಬ್ನೇ ಕೂತ್ಕೊಳೋದು ನೋಡಿ ನೋಡಿ ಸಾಕಾಗಿದೆ. ಅದಕ್ಕೂ ಹೌದು. ಬೇಗ ಹೇಳು, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ಅವನ ಕಿವಿ ಕೆಂಪಾದವು. ಎದ್ದು ನಿಂತ, ಬ್ರಷ್ಷನ್ನು ಜೇಬಿಗೆ ಹಾಕಿಕೊಂಡ, ಮತ್ತೆ ತೆಗೆದ. "ಆಗ್ತೀನಿ," ಎಂದ. ಹಾಲು ಉಕ್ಕಿಹೋಗಿತ್ತು. ಹೋಗಲಿ ಬಿಡಿ, ನನ್ನ ಮನಸ್ಸೂ ಉಕ್ಕಿತ್ತು.

ಮದುವೆಗೆ ಸಂಘವೇ ಮುಂದೆ ನಿಂತಿತು. ಅನಾಕ್ಲೇತೊ ಮತ್ತು ಅವನ ಹೆಂಡತಿ ಧರ್ಮದ ತಂದೆತಾಯಿಗಳಾಗಿ ನಿಂತು ಗೋಡೆಯಗಲದ ಹೊಸ ಟಿವಿ ಉಡುಗೊರೆ ಕೊಟ್ಟರು. ಎದೆಗೆ ನೋಟು ಚುಚ್ಚಿಸಿಕೊಂಡು, ತಲೆತುಂಬ ಬಣ್ಣದ ಕಾಗದದ ಚೂರು ಹೊತ್ತುಕೊಂಡು ಬ್ಯಾಂಡಿನ ಹಿಂದೆ ಕುಣಿದೆವು. ಪ್ರಿಮಿತೀವಾ ಬಂದು ಎಲ್ಲರಿಗಿಂತ ಹೆಚ್ಚು ಬಿಯರ್ ಕುಡಿದಳು. ಅಂಗಡಿಯ ಹಲಗೆಯ ಮೇಲೆ ನನ್ನ ಹೆಸರಿನ ಪಕ್ಕ ಅವನ ಹೆಸರು ಬರೆಸಿದೆ. ಬೀಗದ ಕೈ ಅವನ ಕೈಗಿಟ್ಟೆ. ಇಡೀ ಎಲ್ ಆಲ್ತೋ ತನಗೇ ಕೊಟ್ಟಂತೆ ಆ ಕೀಲಿಯನ್ನು ನೋಡಿದ.

ಆಮೇಲಿನ ದಿನಗಳಲ್ಲಿ ಅವನು ಎಷ್ಟು ಒಳ್ಳೆಯ ಗಂಡನಾದನೆಂದರೆ ನನಗೇ ದೃಷ್ಟಿಯಾದೀತೆಂದು ಹೆದರಿಕೆಯಾಯಿತು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಅಂಗಡಿಯ ಕದ ತೆಗೆಯುವನು. ಕನ್ಸೋಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುವನು, ಸಂಜೆ ನಮ್ಮಮ್ಮ ನೇಯ್ದ ಕಂಬಳಿ ಹೊದಿಸುವನು. ಊಟ ಬಿಸಿಯಿರುವಾಗಲೇ ಉಣ್ಣತೊಡಗಿದ. "ಮೆಲ್ಲಗೆ ಒತ್ರೋ, ಅದೇನು ಬಟನ್ನೋ, ಕಲ್ಲು ಒಡೆಯೋ ಕೆಲಸಾನೋ?" ಎಂದು ಮಕ್ಕಳನ್ನು ಗದರುವುದು ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ. ಹಲಗೆಯ ಮೇಲಿನ ಅವನ ಹೆಸರಿಗೆ ಮಳೆ ಬಿದ್ದು ಬಣ್ಣ ಮಾಸಿದರೆ ತಾನೇ ಏಣಿ ಹತ್ತಿ ತಿದ್ದಿದ. ರಾತ್ರಿಯಿಡೀ ಓದುತ್ತಿದ್ದ ಆ ದೂರದೇಶದವರ ಪತ್ರಗಳನ್ನು ಈಗ ಅಷ್ಟಾಗಿ ಓದುತ್ತಿರಲಿಲ್ಲ. ಹೊಸ ಮದುವೆ, ಸಹಜ ಎಂದುಕೊಂಡೆ. ಪರದೆ ಕಲ್ಲಾಗಿ ನಿಲ್ಲುವ ರೋಗ ಮಾತ್ರ ಹಾಗೆಯೇ ಇತ್ತು, ಭಾನುವಾರಕ್ಕೊಂದು ಜಗಳವೂ ಹಾಗೆಯೇ ಇತ್ತು.

ಸಭೆ ಕರೆದರು. ನಾನು ಹೊಸ ಲಂಗ ಉಟ್ಟೆ, ಅವನಿಗೆ ಹೊಸ ಟೋಪಿ ಕೊಡಿಸಿದೆ. ಕೈ ಎತ್ತುವುದು ಅವನೇ ಎಂದು ನಾನು ದಾರಿಯಲ್ಲೇ ಹೇಳಿದ್ದೆ. ಅವನು ಬಾಗಿಲ ಬಳಿಯ ಸ್ಟೂಲಿನ ಕಡೆ ಹೋಗಲಿಲ್ಲ. ನನ್ನ ಜೊತೆ ನಡುವಿನ ಬೆಂಚಿಗೆ, ಗಾಳಿ ಬಾರದಲ್ಲಿ ಬಂದು ಕೂತ. ಎಲ್ಲರೂ ಎದ್ದು ಅವನ ಕೈ ಕುಲುಕಿದರು. ಅನಾಕ್ಲೇತೊ ಗಂಟಲು ಸರಿಮಾಡಿಕೊಂಡ.

"ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇವತ್ತು ನಮ್ಮ ಮೆಲಿತೋನ್ ಮನುಷ್ಯನಾಗಿ ಬಂದಿದಾನೆ. ಅಪ್‌ಡೇಟ್ ಬೇಕು ಅನ್ನೋರು ಕೈ ಎತ್ತಿ."

ಐದು ಕೈ ಮೇಲೆ ಹೋದವು. ಉಳಿದವರೆಲ್ಲ ನಮ್ಮ ಬೆಂಚು ನೋಡುತ್ತಿದ್ದರು. ಮೆಲಿತೋನನ ಕೈ ಅವನ ಮೊಣಕಾಲ ಮೇಲೆ ಕೂತಿತ್ತು. ಪಾಪ, ಗಾಬರಿಯಾಗಿರಬೇಕು ಎಂದು ಮೊಣಕೈಯಿಂದ ತಿವಿದೆ. ಕದಲಲಿಲ್ಲ. ಇನ್ನೊಮ್ಮೆ ತಿವಿದೆ. ಅವನು ಟೋ‍ಪಿ ತೆಗೆದು ಎದ್ದು ನಿಂತ.

"ಈಗ ಮಕ್ಕಳಿಗೆ ರಜಾ ಟೈಮು," ಎಂದ. "ವ್ಯಾಪಾರದ ಹೊತ್ತು. ಹೊಸದು ಹಾಕಿ ಏನಾರ ಆದ್ರೆ? ಪರದೆ ನಿಂತ್ರೆ ತಂತಿ ಕಿತ್ತು ಮತ್ತೆ ಸಿಗ್ಸಿದ್ರೆ ಸರಿಹೋಗುತ್ತೆ, ಹೆಂಗೋ ನಡೀತಿದೆ. ಬೇರೆ ಊರಿನೋರು ಯಾರಾದ್ರೂ ಮೊದ್ಲು ಹಾಕಿ ನೋಡ್ಲಿ. ಆಮೇಲೆ ಯೋಚ್ನೆ ಮಾಡೋಣ."

ಸಭೆ ಬಾಯಿ ತೆರೆದುಕೊಂಡು ಕೂತಿತು. ನಾನು ಅವನ ತೋಳು ಹಿಡಿದು ಮೇಲೆತ್ತಿದೆ. ಅವನು ಕೆಳಗೆಳೆದುಕೊಂಡ. ಮತ್ತೆ ಎತ್ತಿದೆ, ಮತ್ತೆ ಎಳೆದುಕೊಂಡ. "ಮನೆ ಜಗಳ ಮತ ಅಲ್ಲ ತಂಗೀ," ಎಂದ ಅನಾಕ್ಲೇತೊ. ಅವನ ದನಿಯಲ್ಲಿ ಗೋಡೆಯಗಲದ ಟಿವಿ ಕೊಟ್ಟ ನೋವಿತ್ತು. "ಬೇಡ ಅನ್ನೋರು?"

ಪ್ರಿಮಿತೀವಾಳ ನಾಲ್ಕು ಕೈ ಎದ್ದವು. ಅವುಗಳ ಜೊತೆಗೆ ಮೆಲಿತೋನನ ಕೈ ಎದ್ದಿತು. ಎಷ್ಟು ನೆಟ್ಟಗೆ, ಎಷ್ಟು ಎತ್ತರಕ್ಕೆ! ಬೆರಳುಗಳೆಲ್ಲ ಬಿಡಿಸಿಕೊಂಡಿದ್ದವು. ಅನಾಕ್ಲೇತೊ ಬೆರಳು ತೋರಿಸಿ ಎಣಿಸುತ್ತ ಬಂದು ಅವನ ಕೈಯನ್ನು ಎಣಿಸಿದಾಗ ಮೆಲಿತೋನನ ಕಣ್ಣು ತುಂಬಿ ಬಂತು. ನನಗೆ ಅವನನ್ನು ಅಲ್ಲೇ ಬಡಿಯಬೇಕೆನ್ನಿಸಿತು, ಆ ಮುಖ ನೋಡಿ ಬಡಿಯಲಾಗಲಿಲ್ಲ.

ಐದು-ಐದು. ಅನಾಕ್ಲೇತೊ ಬಾವುಟ ಸುತ್ತಿಟ್ಟ. ಪ್ರಿಮಿತೀವಾ ಹೋಗುವಾಗ ಮೆಲಿತೋನನ ಬೆನ್ನು ತಟ್ಟಿ "ಈಗ ಸರಿಯಾದ ಮನುಷ್ಯನಾದೆ ತಮ್ಮಾ," ಎಂದು ಹೋದಳು.

ದಾರಿಯಲ್ಲಿ ನಾನು ದಾಪುಗಾಲು ಹಾಕಿದೆ. ಅವನು ಹಿಂದೆ ಹಿಂದೆಯೇ ಬಂದ. ನಮ್ಮ ಅಂಗಡಿ ಕಾಣಿಸಿತು, ಹಲಗೆಯ ಮೇಲೆ ಎರಡು ಹೆಸರೂ ಕಂಡವು. ಅಲ್ಲಿ ನಿಂತು ಕೇಳಿದೆ.

"ಬಾಗಿಲ ಹತ್ರ ಚಳೀಲಿ ಕೂತು ಅಷ್ಟು ವರ್ಷ ಬಡ್ಕೊಂಡ್ನಲ್ಲ ಒಬ್ಬ, ಆ ಮನುಷ್ಯ ಎಲ್ಲಿ ಹೋದ ಮೆಲಿತೋನ್? ನಾನು ಮದುವೆ ಆಗಿದ್ದು ಅವನನ್ನ."

ಅವನು ಕೀಲಿಯನ್ನು ಬೀಗಕ್ಕೆ ಹಾಕಿ ನಿಧಾನವಾಗಿ ತಿರುಗಿಸಿದ. ಕೋಪವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನಿಜವಾಗಿಯೂ ಯೋಚಿಸಿ ಹೇಳಿದ.

"ಅವನಿಗೇನು ಅಸುಂತಾ, ಎಷ್ಟು ಬೇಕಾದ್ರೂ ಹೇಳ್ತಿದ್ದ. ಅವನ ಹತ್ರ ಒಂದು ಕನ್ಸೋಲಾದ್ರೂ ಇತ್ತಾ?"